ಒಬ್ಬರ ಪಾಲಿನ ಸೌದೆ

ಗಾಡಿಯ ತುಂಬ ಒಟ್ಟಿದ್ದ ಸೌದೆಯ ಸಂದಿಗೆ ಅವಳು ಕೈ ತೂರಿಸಿದಳು. ಮಣಿಕಟ್ಟಿನವರೆಗೆ ಹೋಗಿ ಕೈ ನಿಂತಿತು. ಇನ್ನೂ ಎರಡು ಕಡೆ ತೂರಿಸಿ ನೋಡಿದಳು. ಆಮೇಲೆ ಮೇಲಿನಿಂದ ಎರಡು ತುಂಡು ಎತ್ತಿಕೊಂಡು ಒಂದಕ್ಕೊಂದು ಬಡಿದಳು. ಟಣ್ಣೆಂದಿತು.

"ಒಣಗಿದೆ," ಎಂದಳು.

ಗಾಡಿಯ ಮುಂಭಾಗದಲ್ಲಿ ಕಂಬಳಿ ಹೊದ್ದು ಕೂತಿದ್ದ ಡಿಪೋ ಮುದುಕ ನಗಲು ಹೋಗಿ ಕೆಮ್ಮಿದ. "ಅಪ್ಪ ಇನ್ನೂ ಮಣ್ಣಿಗೆ ಹೋಗಿಲ್ಲ, ಮಗಳು ಆಗಲೇ ಶುರು ಮಾಡಿದ್ಲು. ತೂರಿಸು ತಾಯಿ, ತೂರಿಸು. ಇವತ್ತು ಎರಡು ತುಂಡು ಜಾಸ್ತಿನೇ ಇದೆ. ಕೋಲಪ್ಪನ ಕೊನೇ ಸೌದೆ ಅಂತ ನಾನೇ ನಿಂತು ತುಂಬಿಸಿದೀನಿ."

ಸೌದೆ ಡಿಪೋವನ್ನು ಮಗನ ಕೈಗೆ ಕೊಟ್ಟು ಮುದುಕ ಮೂಲೆ ಸೇರಿ ಎಂಟು ವರ್ಷವಾಗಿತ್ತು. ಇವತ್ತು ಯಾರು ಸತ್ತಿದ್ದಾರೆಂದು ಕೇಳಿದವನೇ ಗಾಡಿ ಹತ್ತಿ ಬಂದಿದ್ದ. ಗಾಡಿ ಹೊಡೆಯುತ್ತಿದ್ದ ಮಗ ಕೆಳಗಿಳಿದು ತುಂಡುಗಳನ್ನು ಸ್ಮಶಾನದ ಗೇಟಿನ ಒಳಗೆ ಎಸೆಯತೊಡಗಿದ. ಒಂದೊಂದೂ ಹೆಪ್ಪುಗಟ್ಟಿದ ನೆಲಕ್ಕೆ ಬಿದ್ದು ಪುಟಿಯುತ್ತಿತ್ತು.

ಗುಂಡಿ ತೋಡುವವನು ನಿನ್ನೆಯೇ ಹೇಳಿದ್ದ. "ನೆಲ ಕಬ್ಬಿಣ ಆಗಿದೆ ಅಕ್ಕಾ. ಹಾರೆ ಹಾಕಿದ್ರೆ ನನ್ನ ಭುಜ ಕೀಳುತ್ತೆ, ಮಣ್ಣು ಏಳಲ್ಲ. ಮೇಲೆ ಬೆಂಕಿ ಹಾಕಬೇಕು. ಆರಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಎತ್ತರ ಒಟ್ಟೋದು. ಅದು ಕೆಂಡ ಆದ ಮೇಲೆ ಮತ್ತೆ ಅದರ ಅರ್ಧ. ಮಧ್ಯಾಹ್ನದ ಹೊತ್ತಿಗೆ ನೆಲ ಬಿಡುತ್ತೆ."

ಅವಳು ನಿಂತಲ್ಲೇ ಗುಣಿಸಿದ್ದಳು. ಇಪ್ಪತ್ತೇಳು, ಅದರ ಅರ್ಧ ಹದಿಮೂರೂವರೆ. ಮೂಗು ಒರೆಸಿಕೊಂಡು, "ನಲವತ್ತು ಘನ ಅಡಿ ಸಾಕು, ಮಿಕ್ಕ ಅರ್ಧ ಅಡಿಗೆ ಪುರಳೆ ಕಡ್ಡಿ ಆಯ್ದು ಹಾಕು," ಎಂದಿದ್ದಳು. ಹೇಳಿದ ಮೇಲೆ ತನ್ನ ಬಾಯಿಂದ ಬಂದದ್ದು ಅಪ್ಪನ ದನಿಯೆಂದು ಗೊತ್ತಾಯಿತು.

ಈಗ ಗುಂಡಿ ತೋಡುವವನು ತುಂಡುಗಳನ್ನು ಒಟ್ಟಿ ಬೆಂಕಿ ಹಚ್ಚಿದ. ಅವಳ ತಮ್ಮನ ಸಣ್ಣ ಗುರುತುಕಲ್ಲು ಅಲ್ಲೇ ನಾಲ್ಕು ಹೆಜ್ಜೆ ಆಚೆಗಿತ್ತು. ಬೆಂಕಿಯ ಕಾವಿಗೆ ಅದರ ಮೇಲಿದ್ದ ಹಿಮ ಕರಗಿ ತೊಟ್ಟಿಕ್ಕತೊಡಗಿತು.

*

ಊರಿನಲ್ಲಿ ಅವಳ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲಿ ಹೋದರೂ ಕಂಕುಳಲ್ಲಿ ನಾಲ್ಕಡಿಯ ಅಳತೆಗೋಲು ಇರುತ್ತಿದ್ದುದರಿಂದ ಕೋಲಪ್ಪ ಎಂಬುದೇ ನಿಂತುಹೋಯಿತು. ದೊಡ್ಡ ಬೇಕರಿಯಲ್ಲಿ ಮೂವತ್ತನಾಲ್ಕು ವರ್ಷ ಅವನು ಮಾಡಿದ ಕೆಲಸ ಒಂದೇ: ಒಲೆಗೆ ಸೌದೆ ಕೊಳ್ಳುವುದು. ಬೇಕರಿಯ ಒಲೆ ಮೂರು ಜನ ಮಲಗುವಷ್ಟು ದೊಡ್ಡದು. ದಿನಕ್ಕೆ ಎರಡು ಅಟ್ಟಿ ಸೌದೆ ತಿನ್ನುತ್ತಿತ್ತು. ಉದ್ದ, ಅಗಲ, ಎತ್ತರ ಮೂರೂ ನಾಲ್ಕಡಿ ಇದ್ದರೆ ಒಂದು ಅಟ್ಟಿ.

ಸೌದೆಯಲ್ಲಿ ಕಣ್ಣಿಗೆ ಮಣ್ಣೆರಚುವ ವಿದ್ಯೆ ಒಂದೆರಡಲ್ಲ. ಸೊಟ್ಟ ತುಂಡುಗಳನ್ನು ಅಡ್ಡಾದಿಡ್ಡಿ ಒಟ್ಟಿದರೆ ಅಟ್ಟಿಯಲ್ಲಿ ಮುಕ್ಕಾಲು ಪಾಲು ಸೌದೆ, ಕಾಲು ಪಾಲು ಗಾಳಿ. ತೂಕಕ್ಕೆ ಮಾರುವವರು ಹಿಂದಿನ ದಿನವೇ ನೀರು ಕುಡಿಸಿರುತ್ತಾರೆ. ಮುಂದೆ ಗಟ್ಟಿ ಮರ, ಹಿಂದೆ ಹುಳ ತಿಂದದ್ದು. ಕೋಲಪ್ಪ ಅಟ್ಟಿಯ ಸುತ್ತ ಒಂದು ಸುತ್ತು ಬರುತ್ತಿದ್ದ, ಮಾತಿಲ್ಲದೆ. ಕೋಲಿಟ್ಟು ಅಳೆಯುತ್ತಿದ್ದ. ಸಂದಿಗೆ ಕೈ ತೂರಿಸುತ್ತಿದ್ದ. ಕೈ ಮಣಿಕಟ್ಟು ದಾಟಿ ಮೊಣಕೈವರೆಗೆ ಹೋಯಿತೋ, ಅದು ಕಳ್ಳ ಅಟ್ಟಿ. "ಬಿಚ್ಚಿ, ಮತ್ತೆ ಒಟ್ಟಿ," ಎಂದಷ್ಟೇ ಹೇಳಿ ಪಕ್ಕಕ್ಕೆ ನಿಲ್ಲುತ್ತಿದ್ದ. ಮಾರುವವರು ಹಲ್ಲು ಕಡಿಯುತ್ತ ಒಟ್ಟುತ್ತಿದ್ದರು.

ಮಗಳು ಏಳು ವರ್ಷದವಳಾದಾಗ ಅವಳಿಗೂ ಕಲಿಸಿದ. "ತುದಿ ನೋಡು. ಬಿರುಕು ಬಿಟ್ಟಿದ್ರೆ ಒಣಗಿದೆ. ತೊಗಟೆ ಉಗುರಲ್ಲಿ ಎಬ್ಬಿಸು. ಬಂತಾ? ಒಣಗಿದೆ. ಹಸಿ ಸೌದೆ ಅರ್ಧ ಉರಿ ತನ್ನ ನೀರನ್ನೇ ಕುದಿಸೋಕೆ ತಿನ್ನುತ್ತೆ."

"ಒಳಗೆ ಏನಿದೆ ಅಂತ ಹೇಗೆ ಗೊತ್ತಾಗುತ್ತಪ್ಪ?"

"ಕೈ ಇಲ್ವಾ?" ಎಂದು ಅವಳ ಸಣ್ಣ ಕೈಯನ್ನು ಹಿಡಿದು ಸಂದಿಗೆ ತಳ್ಳಿದ. ಸಿಬಿರು ಚುಚ್ಚಿ ರಕ್ತ ಬಂತು. ಅವನು ಅದನ್ನು ಚಿಮುಟದಿಂದ ತೆಗೆದು, "ನೆನಪಿರುತ್ತೆ," ಎಂದ.

ಮನೆಯಲ್ಲೂ ಅದೇ ಲೆಕ್ಕ. ಚಳಿಗಾಲಕ್ಕೆ ತಲೆಗೊಂದು ಅಟ್ಟಿ. ಗಂಡ, ಹೆಂಡತಿ, ಮಗಳು, ಮಗ. ನಾಲ್ಕು ತಲೆ, ನಾಲ್ಕು ಅಟ್ಟಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ, ಹೊಲಿಗೆಗೆ ದಾರ ಹೆಚ್ಚು ಹೋದರೆ, ಸೋಪು ವಾರಕ್ಕೆ ಮುಂಚೆ ಸವೆದರೆ ಅವನು ಬಯ್ಯುತ್ತಿರಲಿಲ್ಲ. ಹೆಂಡತಿಯ ಕೈಯನ್ನೊಮ್ಮೆ ನೋಡುತ್ತಿದ್ದ. ಅದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು ಎಂದು ಅಮ್ಮ ಒಮ್ಮೆ ಹೇಳಿದ್ದುಂಟು.

*

ಮನೆಗೆ ಬಂದಾಗ ಅಮ್ಮ ಕಬ್ಬಿಣದ ಒಲೆಯ ಪಕ್ಕದಲ್ಲಿ, ಹೆಣವಿದ್ದ ಕೋಣೆಗೆ ಬೆನ್ನು ಹಾಕಿ ಕೂತಿದ್ದಳು. ಒಲೆ ಧಗಧಗ ಉರಿಯುತ್ತಿತ್ತು. ಪಕ್ಕದ ಮನೆಯಾಕೆ ಬಂದವರಿಗೆಲ್ಲ ಚಹಾ ಕೊಡುತ್ತಿದ್ದಳು. ಬಂದವರು ಸತ್ತವನ ಮುಖ ನೋಡಿ, ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಎದೆಗೆ ಕಫ ಕಟ್ತಂತೆ. ಮೂರೇ ದಿನ."

"ಎಪ್ಪತ್ತಾರಂತೆ. ಅದರಲ್ಲೂ ಲೆಕ್ಕ ತಪ್ಪಿರಲ್ಲ ಬಿಡು."

"ಇನ್ನು ಸೌದೆಯವರಿಗೆ ನಿದ್ದೆ ಬರುತ್ತೆ."

ಯಾರೋ ಮೂಗಿನಲ್ಲೇ ನಕ್ಕರು. ಪಕ್ಕದ ಮನೆಯಾಕೆ ಅವರತ್ತ ಕಣ್ಣು ಬಿಟ್ಟು, ಅಮ್ಮನ ಕಡೆ ಬಾಗಿ, "ಎಷ್ಟು ಅಚ್ಚುಕಟ್ಟು ಮನುಷ್ಯ," ಎಂದಳು.

"ಅಚ್ಚುಕಟ್ಟು. ಹೌದು," ಎಂದಳು ಅಮ್ಮ. ಆಮೇಲೆ ಮಗಳ ಕಡೆ ತಿರುಗಿದಳು. "ಬಂದ್ಯಾ ದೊಡ್ಡವಳೇ. ಸೌದೆ ಎಷ್ಟು ತಗೊಂಡೆ?"

ಅವಳಿಗೆ ಈಗ ನಲವತ್ತೊಂಬತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ಹೆಂಗಸರ ಮೇಲೆ ಮೇಸ್ತ್ರಿ. ಮನೆಯಲ್ಲಿ ಮಾತ್ರ ಇನ್ನೂ ದೊಡ್ಡವಳು, ಚಿಕ್ಕವನೆಂದು ಕರೆಸಿಕೊಳ್ಳಲು ಯಾರೂ ಉಳಿದಿರದಿದ್ದರೂ.

"ನಲವತ್ತು ಅಡಿ ಅಮ್ಮ."

"ಸರಿಯಾಗಿ ಅಳೆದ್ಯಾ?"

ಪಕ್ಕದ ಮನೆಯಾಕೆ ಚಹಾದ ಪಾತ್ರೆಗೆ ತಲೆ ತಗ್ಗಿಸಿದಳು. ಆ ಪ್ರಶ್ನೆ ಇಡೀ ಬೀದಿಗೇ ಗೊತ್ತು. ಪ್ರತಿ ವರ್ಷ ಚಳಿಗಾಲದ ಸೌದೆ ಮನೆಗೆ ಬಂದ ದಿನ ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಗಂಡನನ್ನು ಕೇಳುತ್ತಿದ್ದಳು: "ಸರಿಯಾಗಿ ಅಳೆದಿರಾ?" ಅವನು ಕೋಲನ್ನು ಗೋಡೆಗೆ ಒರಗಿಸಿ, "ಅಳೆದೆ," ಎನ್ನುತ್ತಿದ್ದ. ಮುಗಿಯಿತು. ಆ ದಿನ ಇಬ್ಬರೂ ಊಟ ಮಾಡುತ್ತಿರಲಿಲ್ಲ.

"ಅಳೆದೆ," ಎಂದಳು ಮಗಳು.

*

ಅದು ಗಡಿಯಾರದ ಗೋಪುರದ ಮುಳ್ಳುಗಳು ಹೆಪ್ಪುಗಟ್ಟಿ ನಿಂತುಹೋದ ವರ್ಷ. ಅವಳಿಗೆ ಎಂಟು, ತಮ್ಮನಿಗೆ ಮೂರು. ಚಳಿಗಾಲ ಮುಗಿಯಲು ಇನ್ನೂ ಒಂದು ತಿಂಗಳ ಮೇಲೆ ಇದೆ ಎನ್ನುವಾಗ ಹಿತ್ತಿಲ ಕೊಟ್ಟಿಗೆಯ ಸೌದೆ ತಳ ಕಂಡಿತು. ಅಪ್ಪ ಒಲೆ ಹಚ್ಚುವ ಹೊತ್ತನ್ನು ಕಡಿಮೆ ಮಾಡಿದ. ಮೊದಲು ಮಧ್ಯಾಹ್ನದ ಉರಿ ನಿಂತಿತು. ಆಮೇಲೆ ಬೆಳಗಿನದು. ಕೊನೆಗೆ ಸಂಜೆ ಅಡುಗೆಗೆ ಎಷ್ಟು ಬೇಕೋ ಅಷ್ಟೇ. ಲೋಟದ ನೀರಿನ ಮೇಲೆ ಬೆಳಗ್ಗೆ ತೆಳ್ಳಗೆ ಗಾಜು ಕಟ್ಟಿರುತ್ತಿತ್ತು. ಅವಳೂ ತಮ್ಮನೂ ಒಂದೇ ಹಾಸಿಗೆಯಲ್ಲಿ, ಅಮ್ಮನ ಸೀರೆ, ಅಪ್ಪನ ಪಂಚೆ, ಗೋಣಿಚೀಲ ಎಲ್ಲ ಹೇರಿಕೊಂಡು ಮಲಗುತ್ತಿದ್ದರು. ತಮ್ಮನ ಎದೆಯೊಳಗೆ ಯಾರೋ ಕಾಗದ ಮಡಚಿ ಬಿಚ್ಚಿದ ಹಾಗೆ ಸದ್ದಾಗುತ್ತಿತ್ತು.

"ಇನ್ನೊಂದು ಅಟ್ಟಿ ತನ್ನಿ," ಎಂದು ಅಮ್ಮ ಹೇಳಿದ್ದು ಅವಳಿಗೆ ನೆನಪಿದೆ.

"ನಾಲ್ಕು ತಂದಾಗಿದೆ," ಎಂದ ಅಪ್ಪ.

"ಸಾಲಲಿಲ್ವಲ್ಲ."

"ಸಾಲಬೇಕಿತ್ತು."

ಇಪ್ಪತ್ತಮೂರು ದಿನ ಹೀಗೆ ನಡೆಯಿತು. ಇಪ್ಪತ್ತನಾಲ್ಕನೇ ದಿನ ಬೆಳಗ್ಗೆ ಎದ್ದಾಗ ಅವಳ ಬೆನ್ನಿಗೆ ಒತ್ತಿಕೊಂಡಿದ್ದ ತಮ್ಮನ ಕಾಲು ತಣ್ಣಗಿತ್ತು. ಚಳಿಗೆ ಎಂದುಕೊಂಡು ಉಜ್ಜಿದಳು. ತುಂಬ ಹೊತ್ತು ಉಜ್ಜಿದಳು.

ಮಾರನೇ ವರ್ಷ ಸೌದೆ ಕೊಳ್ಳುವ ಕಾಲಕ್ಕೆ ಕೊಟ್ಟಿಗೆಗೆ ಬಂದದ್ದು ಮೂರು ಅಟ್ಟಿ. ಒಬ್ಬರ ಪಾಲು ಕಡಿಮೆ. ಅವಳು ಕೋಲಿಟ್ಟು ತಾನೇ ಅಳೆದು ನೋಡಿದಳು. ಅಂದಿನಿಂದ ಅಪ್ಪನ ಎದುರು ಅವಳು ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಮುಂದೆ ಅವನು ಬೇಕರಿ ಬಿಟ್ಟು ಮನೆಯಲ್ಲಿ ಕೂತಾಗಲೂ, ಇದೀಗ ಕಾಯಿಲೆ ಬಿದ್ದಾಗಲೂ, ಔಷಧ ಕುಡಿಸಿ, ಬಟ್ಟೆ ಬದಲಿಸಿ, ಮುಖ ನೋಡದೆ ಹೊರಗೆ ಬರುತ್ತಿದ್ದಳು. ಸಾಯುವ ಹಿಂದಿನ ದಿನ ಅವನು ಅವಳ ಕೈ ಹಿಡಿದು ಅಂಗೈಯನ್ನು ತಿರುಗಿಸಿ ನೋಡಿದ. ಹಳೇ ಸಿಬಿರು ಹುಡುಕುವವನ ಹಾಗೆ. ಅವಳು ಕೈ ಬಿಡಿಸಿಕೊಂಡಳು.

*

ಮಧ್ಯಾಹ್ನ ಅವಳು ಸ್ಮಶಾನಕ್ಕೆ ಮರಳಿದಾಗ ಎರಡನೇ ಸುತ್ತಿನ ಸೌದೆಯೂ ಉರಿದು ಕೆಂಡವಾಗಿತ್ತು. ಗುಂಡಿ ತೋಡುವವನು ಹಾರೆಯ ತುದಿಯನ್ನು ಅಂಚಿಗೆ ಊರಿ ನೋಡುತ್ತಿದ್ದ. ಬೇಕರಿಯ ಹಳೇ ಧಣಿ ಮಡಚುವ ಕುರ್ಚಿ ತರಿಸಿಕೊಂಡು ಕೆಂಡಕ್ಕೆ ಕಾಲು ಚಾಚಿ ಕೂತಿದ್ದರು. ಡಿಪೋ ಮುದುಕನ ಕಂಬಳಿಗೆ ಕಿಡಿ ಹಾರಿ ದೊಡ್ಡ ತೂತಾಗಿತ್ತು. ಅವನು ಅದನ್ನು ಮಗನ ಗಾಡಿಯಲ್ಲಿ ಮನೆಗೆ ಕಳಿಸಿ, ಬರೀ ಸ್ವೆಟರಿನಲ್ಲಿ ಕೆಂಡದ ಮೇಲೆ ಅಂಗೈ ಹಿಡಿದು ನಿಂತಿದ್ದ. ವಯಸ್ಸಾದವರು ಸ್ಮಶಾನದಲ್ಲಿ ಆಡುವಂಥ ಹಗುರ ಮಾತು ನಡೆದಿತ್ತು.

"ನನ್ನ ಬೇಕರಿಯಲ್ಲಿ ಎಷ್ಟೋ ಜನ ಕದ್ದರು," ಎಂದರು ಧಣಿ. "ಹಿಟ್ಟು ಕದ್ದರು, ಬೆಣ್ಣೆ ಕದ್ದರು. ಸೌದೆ ಒಂದು ತುಂಡು ಆಚೀಚೆ ಆಗಲಿಲ್ಲ. ಕೋಲಪ್ಪನಿಗೆ ಟೋಪಿ ಹಾಕೋನು ಈ ಊರಲ್ಲಿ ಹುಟ್ಟಲಿಲ್ಲ."

"ಹುಟ್ಟಿದ್ದ," ಎಂದ ಮುದುಕ.

"ಯಾರಯ್ಯ, ನೀನಾ? ಹೋಗೋ."

"ಒಂದು ಸಲ ಧಣಿ. ಜೀವಮಾನದಲ್ಲಿ ಒಂದೇ ಸಲ." ಮುದುಕನ ಕಣ್ಣು ಹೊಳೆಯಿತು. ಮಗಳು ಬಂದು ನಿಂತದ್ದನ್ನು ನೋಡಿ ಅವಳನ್ನೂ ಮಾತಿಗೆ ಸೇರಿಸಿಕೊಂಡ. "ಕೇಳು ತಾಯಿ, ಇನ್ನು ಹೇಳಿದ್ರೆ ಅವನೇನು ಎದ್ದು ಬರಲ್ಲ. ಅವನು ನನ್ನ ಮಾನ ತೆಗೆದಿದ್ದ. ಪೇಟೆ ನಡುವೆ, ನಾಲ್ಕು ಜನರ ಎದುರು, ನನ್ನ ಅಟ್ಟಿ ಬಿಚ್ಚಿಸಿ ಒಳಗಿನ ಹುಳ ತಿಂದ ಲಡ್ಡು ಸೌದೆ ಎತ್ತಿ ಎತ್ತಿ ತೋರಿಸಿದ್ದ. ನನ್ನ ಹೆಂಡತಿ ಒಂದು ವಾರ ಹೊರಗೆ ಹೋಗಲಿಲ್ಲ. ನಾನು ಕಾದೆ. ಆ ವರ್ಷ ತನ್ನ ಮನೆಗೆ ಅಂತ ನಾಲ್ಕು ಅಟ್ಟಿ ಹೇಳಿದ. ಅವನು ಬೇಕರಿಗೆ ಹೋದ ಹೊತ್ತು ನೋಡಿ ಆಳುಗಳನ್ನ ಕರ್ಕೊಂಡು ಹೋದೆ. ಕೊಟ್ಟಿಗೆ ಹಿಂದೆ ಹಳೇ ಗೋಡೆ ಬಿದ್ದ ಕಲ್ಲು ರಾಶಿ ಇತ್ತು. ಅದನ್ನ ಒಳಗೆ ಹೊತ್ತು ಹಿಂಬದಿ ಗೋಡೆಗೆ ಒರಗಿಸಿ ಪೇರಿಸಿದ್ವಿ. ಅದರ ಮುಂದೆ, ಮೇಲೆ, ಎರಡು ಪಕ್ಕ ಎಂಥ ಸೌದೆ ಒಟ್ಟಿದೆ ಅಂತೀಯ, ಮದುವೆ ಮನೆ ಚಪ್ಪರದ ಹಾಗೆ. ಒಂದು ಬೆರಳು ತೂರಬಾರದು. ಸಂಜೆ ಬಂದ. ಕೋಲಿಟ್ಟ. ಕೈ ಹಾಕಿದ. ಹೋಗಲಿಲ್ಲ. ನನ್ನ ಮುಖ ನೋಡಿದ. 'ಇವತ್ತು ಸರಿಯಾಗಿ ಒಟ್ಟಿದೀಯ' ಅಂದ. ಅವನ ಬಾಯಿಂದ ಹೊಗಳಿಕೆ ಕೇಳಿದವನು ಊರಿಗೆ ನಾನೊಬ್ಬನೇ."

ಧಣಿ ಹೊಟ್ಟೆ ಕುಣಿಸಿ ನಕ್ಕರು. "ಎಷ್ಟು ಕಲ್ಲು?"

"ಒಂದೂಕಾಲು ಅಟ್ಟಿಯಷ್ಟು."

"ಆಮೇಲೆ?"

"ಅದೇ ಧಣಿ ಮಜಾ. ಕಲ್ಲು ಸಿಕ್ಕ ದಿನವೇ ಬಂದು ಕೊರಳಪಟ್ಟಿ ಹಿಡೀತಾನೆ ಅಂತ ಕಾದೆ. ಒಂದೂಕಾಲು ಅಟ್ಟಿ ತೆಗೆದು ಬೇರೆ ಇಟ್ಟಿದ್ದೆ, ನಾಲ್ಕು ಜನರನ್ನ ಸೇರಿಸಿ, ನಕ್ಕು, ಮುಖದ ಮೇಲೆ ಎಸೆಯೋಣ ಅಂತ. ಬರಲೇ ಇಲ್ಲ. ಬೇಸಿಗೆ ಬಂತು, ಮಳೆ ಬಂತು, ಅವನು ಬಾಯಿಬಿಡಲಿಲ್ಲ. ಮುಂದಿನ ವರ್ಷ ಬಂದು ಏನೂ ಆಗದವನ ಹಾಗೆ ಸೌದೆ ತಗೊಂಡ. ಮೋಸಹೋದೆ ಅಂತ ಒಪ್ಪಿಕೊಳ್ಳೋದಕ್ಕಿಂತ ನಾಲಿಗೆ ಕಚ್ಚಿಕೊಂಡು ಸಾಯ್ತೀನಿ ಅನ್ನೋ ಪೈಕಿ."

ಅವಳು ಗುದ್ದಲಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಯಾವ ವರ್ಷ ಯಜಮಾನ್ರೇ?"

"ನಲವತ್ತು ವರ್ಷ ದಾಟಿರಬೇಕು. ಗೋಪುರದ ಗಡಿಯಾರ ನಿಂತಿತ್ತಲ್ಲ, ಅದೇ ವರ್ಷ."

"ಆ ಚಳಿಗಾಲದಲ್ಲಿ ನನ್ನ ತಮ್ಮ ಸತ್ತ."

ಮುದುಕನ ಅಂಗೈಗಳು ಕೆಂಡದ ಮೇಲೆ ಹಾಗೇ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ಸುಟ್ಟಿತೇನೋ, ಹಿಂದಕ್ಕೆಳೆದುಕೊಂಡ. "ಜ್ವರ ಬಂದು ಹೋಯ್ತು ಅಂದ್ರು," ಎಂದ.

"ಮನೆಯಲ್ಲಿ ಸೌದೆ ಇರಲಿಲ್ಲ. ಇಪ್ಪತ್ತಮೂರು ದಿನ."

"ಕೇಳಬೇಕಿತ್ತು ಅವನು." ಮುದುಕ ಧಣಿಯ ಕಡೆ ತಿರುಗಿದ, ಬೆಂಬಲಕ್ಕೆ. "ತೆಗೆದಿಟ್ಟಿದ್ದೆ ಧಣಿ, ನನ್ನಾಣೆ. ಎರಡು ಬೀದಿ ಆಚೆ. ಬಂದು ಒಂದು ಮಾತು ಕೇಳಬೇಕಿತ್ತು."

ಧಣಿಯ ನಗು ನಿಂತಿತ್ತು. "ನನ್ನ ಹತ್ರ ಬಂದಿದ್ದ," ಎಂದರು ನಿಧಾನವಾಗಿ. "ಆ ವರ್ಷವೇ. ನಾನು ಹಿಟ್ಟಿನ ಕೋಣೆಯಲ್ಲಿದ್ದೆ. ಬಂದು ಬಾಗಿಲಲ್ಲಿ ನಿಂತ. ಏನೋ ಕೋಲಪ್ಪ ಅಂದೆ. ಒಲೆ ಚೆನ್ನಾಗಿ ಹತ್ತುತ್ತಾ ಧಣಿ ಅಂದ. ಹತ್ತುತ್ತೆ ಅಂದೆ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೋದ. ಸೌದೆ ಉಗ್ರಾಣದ ಬೀಗದ ಕೈ ಅವನ ಸೊಂಟದಲ್ಲೇ ಇತ್ತು, ನೋಡು. ನಲವತ್ತು ಅಟ್ಟಿ ಇತ್ತು ಒಳಗೆ."

"ನೆಲ ಬಿಟ್ಟಿದೆ," ಎಂದ ಗುಂಡಿ ತೋಡುವವನು. "ಕೆಂಡ ಎಳೀರಿ."

ಕೆಂಡ ಎಳೆದರು. ಕರಿ ಮಣ್ಣಿನಿಂದ ಹಬೆ ಎದ್ದಿತು. ಮೂರನೇ ಪೆಟ್ಟಿಗೆ ಹಾರೆ ಒಳಗಿಳಿಯಿತು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ನಾಲ್ಕು ಜನ ಅಪ್ಪನನ್ನು ಹೊತ್ತು ತಂದರು. ಇಳಿಸುವಾಗ ಗುಂಡಿಯ ಒಂದು ಮೂಲೆ ಬಿಗಿಯಾಯಿತು. "ಎರಡು ಬೆರಳು ಕಡಿಮೆ ತೋಡಿದೀಯ," ಎಂದು ಯಾರೋ ಬಯ್ದರು. ಗುಂಡಿ ತೋಡುವವನು ಒಳಗಿಳಿದು ಅಂಚು ಕೆತ್ತಿದ. ಕೆಲವರು ನಗು ಮುಚ್ಚಲು ಬಾಯಿಗೆ ಕೈ ಅಡ್ಡ ಹಿಡಿದರು. ಅವಳು ಮಣ್ಣು ಹಾಕಿದಳು. ಮಣ್ಣು ಇನ್ನೂ ಬೆಚ್ಚಗಿತ್ತು.

ಜನ ಚದುರಿದ ಮೇಲೆ ಅವಳು ಮುದುಕನ ತೋಳು ಹಿಡಿದಳು.

"ಮನೆಗೆ ಬನ್ನಿ. ಇಲ್ಲಿ ಹೇಳಿದ್ದನ್ನ ನಮ್ಮಮ್ಮನ ಎದುರು ಹೇಳಿ."

"ಇನ್ಯಾಕೆ ತಾಯಿ. ಸತ್ತವನು ಸತ್ತ."

"ನಲವತ್ತೊಂದು ವರ್ಷ ನಾವಿಬ್ಬರೂ ಅವರನ್ನ ಮನುಷ್ಯ ಅಂತ ನೋಡಲಿಲ್ಲ. ಜಿಪುಣತನಕ್ಕೆ ಮಗನನ್ನ ಕೊಂದ ಅಂದ್ಕೊಂಡ್ವಿ. ಅಮ್ಮನಿಗೆ ಗೊತ್ತಾಗಬೇಕು. ನೀವೇ ಹೇಳಬೇಕು."

ಮುದುಕ ತೋಳು ಬಿಡಿಸಿಕೊಳ್ಳಲು ನೋಡಿದ. ಅವಳ ಹಿಡಿತ ಒಗೆಯುವ ಕೈಯ ಹಿಡಿತ. ಬಂದ.

ಮನೆಯಲ್ಲಿ ಪಕ್ಕದ ಮನೆಯಾಕೆ ಲೋಟಗಳನ್ನು ತೊಳೆದಿಟ್ಟು ಹೋಗಿದ್ದಳು. ಅಮ್ಮ ಒಬ್ಬಳೇ ಒಲೆಯ ಪಕ್ಕದಲ್ಲಿದ್ದಳು. ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತ ಹೇಳಿದ. ಈ ಸಲ ಚಪ್ಪರದ ಮಾತಿಲ್ಲ, ಹೊಗಳಿಕೆಯ ಮಾತಿಲ್ಲ. ಕಲ್ಲು, ಒಂದೂಕಾಲು ಅಟ್ಟಿ, ಇಷ್ಟೇ. ಮೂರು ವಾಕ್ಯದಲ್ಲಿ ಮುಗಿಯಿತು.

ಅಮ್ಮ ಒಲೆಯ ಬಾಗಿಲು ತೆರೆದು ಒಂದು ತುಂಡು ಇಟ್ಟು ಮುಚ್ಚಿದಳು.

"ಗೊತ್ತು," ಎಂದಳು.

"ಏನು ಗೊತ್ತು?" ಎಂದಳು ಮಗಳು.

"ಕಲ್ಲು. ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಒಂದೊಂದೇ ಎತ್ತಿ ಗೋಡೆ ಆಚೆ ಹಾಕ್ತಿದ್ರು. ನಾಲ್ಕು ದಿನ. ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಚಿಕ್ಕವನು ನನ್ನ ಕಂಕುಳಲ್ಲಿದ್ದ. ಅವನೂ ನೋಡ್ತಿದ್ದ. 'ಅಪ್ಪ ಕಲ್ಲು, ಅಪ್ಪ ಕಲ್ಲು' ಅಂತಿದ್ದ."

ಮುದುಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಗೊತ್ತಿದ್ದೂ ನೀನು ಅವರನ್ನ..." ಮಗಳು ಅಮ್ಮನ ಎದುರಿಗೆ ಬಂದು ನಿಂತಳು. "ಯಾಕಮ್ಮ ಕೇಳಲಿಲ್ಲ ಆಗಲೇ?"

"ಅವರೇ ಹೇಳಲಿ ಅಂತ. ಒಂದು ಮಾತು. ನಾನೂ ಮೋಸಹೋದೆ ಕಣೇ ಅಂತ." ಅಮ್ಮನ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಹತ್ತು ವರ್ಷ ನನ್ನ ಕೈಯಲ್ಲಿ ತಪ್ಪು ಹುಡುಕಿದ್ರು. ಉಪ್ಪಲ್ಲಿ, ದಾರದಲ್ಲಿ, ಸೋಪಲ್ಲಿ. ಒಂದು ಸಲ ಅವರ ಕೈಯಲ್ಲಿ ತಪ್ಪಿತ್ತು. ಹೇಳಲಿ ಅಂತ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ."

"ಇಪ್ಪತ್ತಮೂರು ದಿನ."

"ಹೂಂ."

"ಪಕ್ಕದ ಮನೆಯಲ್ಲಿ ಸೌದೆ ಇತ್ತಲ್ಲಮ್ಮ."

"ಇತ್ತು."

"ನೀನು ಹೋಗಿ ಕೇಳಬಹುದಿತ್ತಲ್ಲ."

"ಕೇಳಬಹುದಿತ್ತು."

ಒಲೆಯೊಳಗೆ ತುಂಡು ಸಿಡಿಯಿತು. ಮಗಳು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಳು. ತನ್ನ ಬೆನ್ನಿಗೆ ಏನೋ ಒತ್ತಿದಂತಾಗಿ ಮತ್ತೆ ಎದ್ದು ನಿಂತಳು.

"ಹಾಗಾದ್ರೆ ಮಾರನೇ ವರ್ಷ? ಮೂರೇ ಅಟ್ಟಿ ತಂದ್ರಲ್ಲ. ಅಷ್ಟೂ ಕರುಣೆ ಇಲ್ಲದ ಹಾಗೆ."

"ಐದು ತರ್ತೀನಿ ಅಂದ್ರು," ಎಂದಳು ಅಮ್ಮ. "ಜೀವಮಾನದಲ್ಲಿ ಮೊದಲನೇ ಸಲ ಲೆಕ್ಕಕ್ಕಿಂತ ಹೆಚ್ಚು. ಇದೇ ಬಾಗಿಲಲ್ಲಿ ನಿಂತು ಕೇಳಿದ್ರು, ಐದು ತರಲಾ ಅಂತ. ನಾನೇ ಬೇಡ ಅಂದೆ. ಇರೋ ತಲೆ ಮೂರು, ಮೂರೇ ತನ್ನಿ ಅಂದೆ."

"ಅದಕ್ಕೇನು ಅಂದ್ರು?"

"ಆಯ್ತು ಅಂದ್ರು."

ಹೊರಗೆ ಬೆಳಕು ಕುಗ್ಗುತ್ತಿತ್ತು. ಮುದುಕ, "ನಾನು ಬರ್ತೀನಿ," ಎಂದು ಗೊಣಗಿ ಟೋಪಿ ಹಾಕಿಕೊಳ್ಳಲು ಹೋದ. ಅದು ಜಾರಿ ಕೆಳಗೆ ಬಿತ್ತು. ಅಮ್ಮ ಅದನ್ನು ಎತ್ತಿಕೊಟ್ಟಳು. ಅವನ ಸ್ವೆಟರನ್ನು ನೋಡಿದಳು.

"ಹೀಗೇ ಹೋಗ್ತೀರಾ? ಚಳಿ ಇದೆ."

ಬಾಗಿಲ ಹಿಂದಿನ ಮೊಳೆಯಿಂದ ಅಪ್ಪನ ದಪ್ಪ ಉಣ್ಣೆ ಕೋಟನ್ನು ತೆಗೆದಳು.

"ಅಮ್ಮ, ಬೇಡ," ಎಂದಳು ಮಗಳು.

"ಇನ್ನು ಯಾರು ಹಾಕ್ಕೋತಾರೆ ಇದನ್ನ." ಮುದುಕ ಹಿಂದೆ ಸರಿಯುತ್ತಿದ್ದರೂ ಅವಳು ಅವನ ಒಂದೊಂದು ಕೈಯನ್ನೂ ತೋಳಿಗೆ ತೂರಿಸಿದಳು. ಕೊರಳಪಟ್ಟಿ ಮೇಲೆತ್ತಿದಳು. ಕೆಳಗಿನಿಂದ ಶುರು ಮಾಡಿ ಗಂಟಲಿನವರೆಗೆ ಆರು ಗುಂಡಿಗಳನ್ನೂ ತಾನೇ ಹಾಕಿದಳು, ಶಾಲೆಗೆ ಹೊರಟ ಮಗುವಿಗೆ ಹಾಕುವ ಹಾಗೆ. ಅಪ್ಪನಿಗೆ ಅಮ್ಮ ಗುಂಡಿ ಹಾಕಿದ್ದನ್ನು ಮಗಳು ಎಂದೂ ನೋಡಿರಲಿಲ್ಲ.

"ಹೋಗಿ ಬನ್ನಿ," ಎಂದಳು ಅಮ್ಮ.

ಮಗಳು ಕಿಟಕಿಗೆ ಬಂದು ನಿಂತಳು. ಕೋಟು ಬೀದಿಯಲ್ಲಿ ನಡೆದು ಹೋಗುತ್ತಿತ್ತು. ಬೆನ್ನು ಸ್ವಲ್ಪ ಬಾಗಿತ್ತು. ಹಿಮದಲ್ಲಿ ಹೆಜ್ಜೆ ಎಚ್ಚರಿಕೆಯಿಂದ ಬೀಳುತ್ತಿತ್ತು. ದೀಪದ ಕಂಬದ ಕೆಳಗೆ ಮುದುಕ ನಿಂತು, ಕೈ ಬೆಚ್ಚಗಾಗಲೆಂದು ಜೇಬಿಗೆ ತೂರಿಸಿದ. ಒಳಗೆ ಏನೋ ಸಿಕ್ಕಿತು. ಹೊರಗೆ ತೆಗೆದು ಬೆಳಕಿಗೆ ಹಿಡಿದ. ಕಾಗದದಲ್ಲಿ ಸುತ್ತಿದ ಅರ್ಧ ಬನ್ನು, ನಾಲ್ಕು ದಿನದ ಹಿಂದಿನದು, ಅಪ್ಪ ಕಚ್ಚಿ ಉಳಿಸಿದ್ದು. ಮುದುಕ ಆಚೀಚೆ ನೋಡಿದ. ಮೂಸಿದ. ಆಮೇಲೆ ಅಪ್ಪನ ಹಲ್ಲಿನ ಗುರುತಿದ್ದ ಕಡೆಯನ್ನು ಉಗುರಿನಿಂದ ಚಿವುಟಿ ಹಿಮಕ್ಕೆ ಎಸೆದು, ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತ ಮುಂದೆ ನಡೆದ.